ಸಹಿ ಸೇನಾಪತಿಯದು, ಅಕ್ಷರ ಯಾರದು?

ಹಳೆಯ ಕಾಗದಪತ್ರಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೊಸದಾಗಿ ಸಂಗ್ರಹ ಶುರು ಮಾಡಿದವರು ಜಾಸ್ತಿ ಕೇಳುವ ಪ್ರಶ್ನೆ ಇದು: ‘ಸಾರ್, ಸಹಿ ಜಾರ್ಜ್ ವಾಷಿಂಗ್ಟನ್ ಅವರದು. ಪತ್ರದ ಅಕ್ಷರ ಮಾತ್ರ ಅವರದಲ್ಲವಂತೆ. ಹಾಗಾದ್ರೆ ನಕಲಿನಾ?’

ಅಷ್ಟಕ್ಕೇ ನಕಲಿ ಆಗುವುದಿಲ್ಲ. ಯುದ್ಧಕಾಲದ ಪತ್ರಗಳು ಇರುವುದೇ ಹಾಗೆ. 1775ರಲ್ಲಿ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ, ಅಮೆರಿಕದ ಸೇನೆಯ ಹೊಣೆ ಹೊತ್ತ ವಾಷಿಂಗ್ಟನ್ ಎಲ್ಲವನ್ನೂ ತಾವೇ ಬರೆಯುತ್ತಾ ಕೂತಿದ್ದರೆ ಯುದ್ಧ ನಡೆಸಲು ಹೊತ್ತೇ ಸಿಗುತ್ತಿರಲಿಲ್ಲ. ಅವರು ವಿಷಯ ಹೇಳುತ್ತಿದ್ದರು, ಎಡಿಸಿಗಳು, ಅಂದರೆ ಸೇನಾಪತಿಯ ಸಹಾಯಕ ಅಧಿಕಾರಿಗಳು, ಬರೆಯುತ್ತಿದ್ದರು. ಎಡಿಸಿ ಅಂದರೆ ನಮಗೆ ರಾಜ್ಯಪಾಲರ ಹಿಂದೆ ನಿಲ್ಲುವ ಅಧಿಕಾರಿ ನೆನಪಾಗುತ್ತಾರೆ. ಅಂದಿನ ಎಡಿಸಿಗೆ ಕತ್ತಿಗಿಂತ ಹಕ್ಕಿಗರಿಯ ಪೆನ್ನಿನ ಕೆಲಸವೇ ಜಾಸ್ತಿ. ರಾಬರ್ಟ್ ಹ್ಯಾನ್ಸನ್ ಹ್ಯಾರಿಸನ್, ಟೆಂಚ್ ಟಿಲ್ಗ್‌ಮನ್, 1777ರ ಮಾರ್ಚ್‌ನಲ್ಲಿ ಬಂದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಇವರ ಅಕ್ಷರಗಳ ಪರಿಚಯ ಇಲ್ಲದೆ ಈ ಪತ್ರಗಳಿಗೆ ದುಡ್ಡು ಹಾಕಬೇಡಿ.

ಇಡೀ ಪತ್ರವನ್ನು ಸೇನಾಪತಿಯೇ ಬರೆದಿದ್ದರೆ ಬೆಲೆ ಹೆಚ್ಚು, ನಿಜ. ಆದರೆ ಎಡಿಸಿ ಬರೆದ ಪತ್ರವನ್ನು ಪರೀಕ್ಷಿಸುವುದು ಒಂದು ರೀತಿಯಲ್ಲಿ ಸುಲಭ. ಅಲ್ಲಿ ಎರಡು ಕೈಗಳ ಸಾಕ್ಷಿ ಇರುತ್ತದೆ. ಎಡಿಸಿ ಬರೆದು ಮುಗಿಸಿದ ಮೇಲೆ ಸೇನಾಪತಿ ಬೇರೆ ಪೆನ್ನಿನಲ್ಲಿ ಸಹಿ ಹಾಕಿದರೆ ಶಾಯಿಯ ಬಣ್ಣ ಸ್ವಲ್ಪ ಬೇರೆಯಾಗಿ ಕಾಣಬಹುದು. ಅದು ತಪ್ಪಲ್ಲ. ಇನ್ನೊಂದು ಅನುಕೂಲ ಇದೆ. ಕಳಿಸಿದ ಪತ್ರದ ಕರಡು ಪ್ರಧಾನ ಕಚೇರಿಯಲ್ಲೇ ಉಳಿಯುತ್ತಿತ್ತು. 1781ರಲ್ಲಿ ವಾಷಿಂಗ್ಟನ್ ಈ ಕಾಗದಗಳನ್ನೆಲ್ಲ ಪ್ರತಿ ಮಾಡಿಸುವ ಕೆಲಸವನ್ನು ರಿಚರ್ಡ್ ವಾರಿಕ್ ಅವರಿಗೆ ಒಪ್ಪಿಸಿದರು. 44 ಸಂಪುಟಗಳಾದವು. ಇವತ್ತು ಆ ಕಾಗದಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಕಂಪ್ಯೂಟರ್‌ನಲ್ಲಿ ಪುಕ್ಕಟೆ ನೋಡಬಹುದು. ಪತ್ರ ಕೈಗೆ ಬಂದ ಕೂಡಲೇ ನಾನು ಮೊದಲು ಹುಡುಕುವುದು ಅದೇ ತಾರೀಖಿನ ಕರಡನ್ನು. ಸಹಿ ನೋಡುವುದು ಆಮೇಲೆ.

ನಕಲಿಗಳೂ ಬೇಕಾದಷ್ಟಿವೆ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಸ್ಪ್ರಿಂಗ್ ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ವಾಷಿಂಗ್ಟನ್ ಹೆಸರಿನಲ್ಲಿ ಬರೆದು ಮಾರಿದ. ಕಾಗದ ಹಳೆಯದು, ಬರಹ ಹೊಸದು. ಇಂಥದ್ದನ್ನು ಮಡಿಕೆಯಲ್ಲಿ ಹಿಡಿಯಬಹುದು. ಆಗಲೇ ಸವೆದ ಮಡಿಕೆಯ ಮೇಲೆ ಬರೆದರೆ ಶಾಯಿ ನಾರಿನೊಳಗೆ ಹರಡಿಕೊಳ್ಳುತ್ತದೆ. ಬರೆದು ಒಣಗಿದ ಮೇಲೆ ಮಡಿಚಿದ್ದರೆ ಹಾಗೆ ಹರಡುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿ, ನಿಮಗೇ ಗೊತ್ತಾಗುತ್ತದೆ.

ಪತ್ರ ಅಸಲಿಯಾದರೂ ಇನ್ನೊಂದು ಪ್ರಶ್ನೆ ಬಾಕಿ: ಇದು ಎಲ್ಲಿಂದ ಬಂತು? 1780ರ ಜುಲೈ 21ರಂದು ಹ್ಯಾಮಿಲ್ಟನ್, ಅಮೆರಿಕದ ಪರ ಹೋರಾಡಿದ ಫ್ರೆಂಚ್ ಸೇನಾಧಿಕಾರಿ ಲಾಫಯೆತ್ ಅವರಿಗೆ ಬರೆದ ಪತ್ರವೊಂದು ಮಸಾಚುಸೆಟ್ಸ್ ರಾಜ್ಯದ ದಾಖಲೆ ಸಂಗ್ರಹದಿಂದ ಕಳುವಾಗಿತ್ತು. 2018ರಲ್ಲಿ ಅದು ಹರಾಜಿಗೆ ಬಂದಾಗ ಸಿಕ್ಕಿತು. ಕೋರ್ಟು ಅದನ್ನು ರಾಜ್ಯಕ್ಕೇ ಕೊಟ್ಟಿತು, ಮಾರಲು ತಂದ ಮನೆಯವರಿಗೆ ದಕ್ಕಲಿಲ್ಲ. ಹಾಗಾಗಿ ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ.

ನಮ್ಮವರಿಗೆ ಒಂದು ಮಾತು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಹತ್ತು ವರ್ಷದ ನಂತರ ಬೆಂಗಳೂರಿನ ಕೋಟೆ ಹಿಡಿದವನೇ, ಅಲ್ವಾ? ಆ ಕಾಲದ ಪತ್ರ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಹೊರದೇಶಕ್ಕೆ ಮಾರುವ ಯೋಚನೆಯೂ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಚರಿತ್ರೆಯ ಮಹತ್ವವಿರುವ ಹಸ್ತಪ್ರತಿ ಪ್ರಾಚ್ಯವಸ್ತುವೇ.

ಟಿಲ್ಗ್‌ಮನ್ ಬರೆದ ಪತ್ರ ಸಿಕ್ಕಿದರೆ ನಾನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತೇನೆ. ಆತ ಬಹಳ ವರ್ಷ ಸಂಬಳವಿಲ್ಲದೆ ದುಡಿದವರು. ಯಾರ್ಕ್‌ಟೌನ್ ಗೆಲುವಿನ ಸುದ್ದಿಯನ್ನು ಫಿಲಡೆಲ್ಫಿಯಾದಲ್ಲಿದ್ದ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಪ್ರತಿನಿಧಿಗಳ ಸಭೆಗೆ, ಮುಟ್ಟಿಸಿದವರೂ ಅವರೇ. 1786ರಲ್ಲಿ, 41ನೇ ವಯಸ್ಸಿಗೇ ತೀರಿಕೊಂಡರು. ಅವರು ಬರೆದ ಸಾಲುಗಳೆಲ್ಲ ಮುಗಿಯುವ ಜಾಗದಲ್ಲಿ ಇನ್ನೊಬ್ಬರ ಹೆಸರಿದೆ.