ನಟನ ಕೈಗೆ ಪೂರ್ತಿ ನಾಟಕ ಸಿಗದ ಕಾಲ

ಷೇಕ್ಸ್‌ಪಿಯರ್ ಕಾಲದ ಲಂಡನ್ನಿನ ರಂಗಮಂದಿರಗಳಲ್ಲಿ ಇವತ್ತಿನ ಅರ್ಥದ ನಿರ್ದೇಶಕ ಇರಲಿಲ್ಲ. ತಿಂಗಳುಗಟ್ಟಲೆ ತಾಲೀಮೂ ಇಲ್ಲ. ರೋಸ್ ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್‌ಲೋ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ 1594ರಿಂದಾಚೆಗಿನ ಪುಟ ತಿರುವಿದರೆ ಕಾರಣ ಗೊತ್ತಾಗುತ್ತದೆ: ವಾರಕ್ಕೆ ಆರು ದಿನ ಆಟ, ಇವತ್ತು ಆಡಿದ್ದನ್ನು ನಾಳೆ ಆಡುವಂತಿಲ್ಲ, ಹೆಚ್ಚುಕಡಿಮೆ ಹದಿನೈದು ದಿನಕ್ಕೊಂದು ಹೊಸ ನಾಟಕ. ಆಟ ಮಧ್ಯಾಹ್ನ ಎರಡರ ಸುಮಾರಿಗೆ. ತಾಲೀಮಿಗೆ ಉಳಿಯುತ್ತಿದ್ದದ್ದು ಬೆಳಗಿನ ಹೊತ್ತು.

ಇಷ್ಟು ಕಡಿಮೆ ಹೊತ್ತಿನಲ್ಲಿ ನಾಟಕ ರಂಗಕ್ಕೆ ಬರುತ್ತಿದ್ದದ್ದು ಎರಡು ಕಾಗದಗಳ ಬಲದಿಂದ.

ಮೊದಲನೆಯದು ಸುರುಳಿ. ಸುಮಾರು ಆರಿಂಚು ಅಗಲದ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಒಬ್ಬ ನಟನ ಮಾತುಗಳನ್ನಷ್ಟೇ ಬರೆದು ಕೊಡುತ್ತಿದ್ದರು. ಪ್ರತಿ ಮಾತಿಗೂ ಮುಂಚೆ ಒಂದು ಉದ್ದ ಗೆರೆ, ಗೆರೆಯ ತುದಿಯಲ್ಲಿ ಹಿಂದಿನವನ ಕೊನೆಯ ಎರಡು ಮೂರು ಪದ. ಆ ಪದ ಯಾರ ಬಾಯಿಂದ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅದರಲ್ಲಿಲ್ಲ. ಕಿವಿ ನಿಮಿರಿಸಿ ಕಾಯಬೇಕು. ಅದೇ ಪದಗಳು ಮಾತಿನ ನಡುವೆಯೇ ಒಮ್ಮೆ ಬಂದುಬಿಟ್ಟರೆ ನಟ ಅವಸರದಲ್ಲಿ ಬಾಯಿ ಹಾಕುತ್ತಾನೆ! ಇಡೀ ನಾಟಕವನ್ನು ಪ್ರತಿಯೊಬ್ಬರಿಗೂ ಕೈಯಲ್ಲಿ ನಕಲು ಮಾಡುವುದು ದುಬಾರಿ. ಪ್ರತಿ ಹೆಚ್ಚಿದಷ್ಟೂ ಕಳವಿನ ಭಯ ಬೇರೆ. ಆ ಕಾಲದ ಹೆಸರಾಂತ ನಟ ಎಡ್ವರ್ಡ್ ಆಲೆನ್, ರಾಬರ್ಟ್ ಗ್ರೀನ್‌ನ ‘ಆರ್ಲಾಂಡೋ ಫ್ಯೂರಿಯೋಸೋ’ ನಾಟಕದಲ್ಲಿ ಆಡಿದ ಆರ್ಲಾಂಡೋ ಪಾತ್ರದ ಇಂಥ ಸುರುಳಿ ಲಂಡನ್ನಿನ ಡಲಿಚ್ ಕಾಲೇಜಿನಲ್ಲಿ ಉಳಿದುಕೊಂಡಿದೆ. ಪಾತ್ರಕ್ಕೆ ‘ರೋಲ್’ ಎನ್ನುವ ಮಾತು ಹುಟ್ಟಿದ್ದೇ ಸುರುಳಿಯಿಂದ.

ಎರಡನೆಯದು ನೇಪಥ್ಯದಲ್ಲಿ ನೇತುಹಾಕುವ ‘ಪ್ಲಾಟ್’. ರಟ್ಟಿನ ಮೇಲೆ ಅಂಟಿಸಿದ ಹಾಳೆ, ಮೇಲ್ಗಡೆ ಮೊಳೆಗೆ ಸಿಕ್ಕಿಸಲು ತೂತು. ದೃಶ್ಯದಿಂದ ದೃಶ್ಯಕ್ಕೆ ಅಡ್ಡಗೆರೆ. ಯಾವ ಪಾತ್ರದ ಪ್ರವೇಶ, ಅದನ್ನು ಆಡುವವರು ಯಾರು ಎಂಬ ವಿವರ. ಸಂಭಾಷಣೆ ಒಂದಕ್ಷರವೂ ಇಲ್ಲ. ಒಬ್ಬನೇ ಮೂರು ನಾಲ್ಕು ವೇಷ ಹಾಕುವ ಮೇಳದಲ್ಲಿ ಇದಿಲ್ಲದೆ ಕೈಕಾಲು ಆಡದು. ದೃಶ್ಯದ ಕೊನೆಗೆ ಒಳಗೆ ಹೋದವನು ಮುಂದಿನ ದೃಶ್ಯದ ಮೊದಲಿಗೇ ಬೇರೆ ಉಡುಪಿನಲ್ಲಿ ಬರಲಾರ. ಉಡುಪು ಬದಲಿಸುವಷ್ಟು ಮಾತನ್ನು ನಾಟಕಕಾರನೇ ನಡುವೆ ತುಂಬಬೇಕು.

ರಂಗದ ಅಳತೆಗೂ ಮಾತಿಗೂ ನಂಟಿದೆ. ಲಂಡನ್ನಿನ ಫಾರ್ಚ್ಯೂನ್ ರಂಗಮಂದಿರ ಕಟ್ಟಲು 1600ರಲ್ಲಿ ಆದ ಕರಾರಿನಂತೆ ವೇದಿಕೆ 43 ಅಡಿ ಅಗಲ, ಆಳ ಇಪ್ಪತ್ತೇಳೂವರೆ ಅಡಿ. ಹಿಂದಿನ ಬಾಗಿಲಿಂದ ಮುಂದಿನ ಅಂಚಿಗೆ ನಡೆದು ಬರಲು ಮೂರು ನಾಲ್ಕು ಸಾಲು ಹಿಡಿಯುತ್ತದೆ. “ಅಗೋ, ಅವನೇ ಬರುತ್ತಿದ್ದಾನೆ” ಎಂಬಂಥ ಸಾಲುಗಳು ಇರುವುದು ಆ ನಡಿಗೆಗಾಗಿ. ಇವತ್ತು ಅವನ್ನು ಕತ್ತರಿಸುವವರು ನಟನನ್ನು ಮೌನದಲ್ಲಿ ನಡೆಸಿ ಒದ್ದಾಡುತ್ತಾರೆ.

ಬೆಳಕು ಹಗಲಿನದು, ಆದ್ದರಿಂದ ರಾತ್ರಿಯೆಂದರೆ ಕೈಯಲ್ಲೊಂದು ಪಂಜು, ಬಾಯಲ್ಲೊಂದು ಮಾತು. ಮುಂದೆ ಎಳೆಯುವ ಪರದೆಯೂ ಇಲ್ಲ. ಸತ್ತವನು ಎಲ್ಲರೆದುರಿಗೆ ಎದ್ದು ಹೋಗುವಂತಿಲ್ಲವಲ್ಲ! ಅದಕ್ಕೇ ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ನಲ್ಲಿ ಹ್ಯಾಮ್ಲೆಟ್ ತಾನು ಕೊಂದ ಪೊಲೋನಿಯಸ್‌ನ ಹೆಣವನ್ನು ತಾನೇ ಎಳೆದೊಯ್ಯುತ್ತಾನೆ. ನಾಟಕದ ಕೊನೆಗೆ ಸತ್ತ ಹ್ಯಾಮ್ಲೆಟ್‌ನನ್ನು ಹೊರಲು ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್ ನಾಲ್ವರು ಕ್ಯಾಪ್ಟನ್‌ಗಳಿಗೆ ಅಪ್ಪಣೆ ಕೊಡುತ್ತಾನೆ. ಉಳಿದ ಹೆಣಗಳಿಗೂ ಒಂದು ಸಾಲಿನ ಅಪ್ಪಣೆಯಿದೆ.