ನಾಲ್ಕು ದೆವ್ವ, ನಾಲ್ಕು ಬುದ್ಧಿ

ದೆವ್ವಗಳಿಂದ ತಪ್ಪಿಸಿಕೊಂಡು ಓಣಿ ಓಣಿ ಓಡುವ ಪ್ಯಾಕ್-ಮ್ಯಾನ್ ಅನ್ನೋ ವಿಡಿಯೊ ಗೇಮ್ ಆಡುವಾಗ ನನಗೆ ಯಾವಾಗಲೂ ಒಂದೇ ಅನುಮಾನ. ಈ ನಾಲ್ಕು ದೆವ್ವಗಳು ಒಳಗೊಳಗೇ ಮಾತಾಡಿಕೊಂಡು ನನ್ನನ್ನು ಸುತ್ತುಗಟ್ಟುತ್ತಿವೆ ಅಂತ. ಒಂದು ಬೆನ್ನಿಗೆ ಬಿದ್ದಿದ್ದರೆ ಇನ್ನೊಂದು ಮುಂದಿನ ತಿರುವಿನಲ್ಲಿ ಕಾದಿರುತ್ತದೆ. ನಿಜ ಏನೆಂದರೆ ಅವಕ್ಕೆ ಮಾತೂ ಇಲ್ಲ, ಯೋಚನೆಯೂ ಇಲ್ಲ. ಜಪಾನಿನ ನಾಮ್ಕೋ ಕಂಪನಿಯಲ್ಲಿ ತೋರು ಇವಾತಾನಿ ಮತ್ತು ಅವರ ತಂಡ 1980ರಲ್ಲಿ ಈ ಆಟ ಹೊರತಂದಾಗ ಒಂದೊಂದು ದೆವ್ವಕ್ಕೂ ಕೊಟ್ಟಿದ್ದು ಒಂದೊಂದು ಸಣ್ಣ ನಿಯಮ, ಅಷ್ಟೇ.

ಆಟದ ಅಂಗಳವನ್ನು ಗಣಿತದ ಪುಸ್ತಕದ ಚೌಕುಳಿ ಹಾಳೆ ಅಂದುಕೊಳ್ಳಿ. ಪ್ರತಿ ದೆವ್ವವೂ ಯಾವುದೋ ಒಂದು ಚೌಕಕ್ಕೆ ಗುರಿಯಿಟ್ಟಿರುತ್ತದೆ. ತಿರುವು ಬಂದಾಗ ಆ ಚೌಕಕ್ಕೆ ಹತ್ತಿರವಾಗುವ ದಾರಿ ಹಿಡಿಯುತ್ತದೆ. ಕೆಂಪು ಬ್ಲಿಂಕಿಯ ಗುರಿ ನೀವಿರುವ ಚೌಕವೇ. ಗುಲಾಬಿ ಪಿಂಕಿಯದು ನಿಮ್ಮಿಂದ ನಾಲ್ಕು ಚೌಕ ಮುಂದೆ. ತಿಳಿನೀಲಿ ಇಂಕಿಯ ಲೆಕ್ಕ ಸ್ವಲ್ಪ ಗೋಜಲು. ಬ್ಲಿಂಕಿ ಎಲ್ಲಿದೆ ಅನ್ನೋದನ್ನೂ ಸೇರಿಸಿಕೊಂಡು ಅದು ಗುರಿ ಹುಡುಕುತ್ತದೆ. ಹಾಗಾಗಿ ಬ್ಲಿಂಕಿ ನಿಮ್ಮ ಹತ್ತಿರ ಬಂದಷ್ಟೂ ಇಂಕಿಯೂ ಹತ್ತಿರ ಬರುತ್ತದೆ. ಕಿತ್ತಳೆ ಬಣ್ಣದ ಕ್ಲೈಡ್ ಮಾತ್ರ ಪುಕ್ಕಲು. ದೂರದಿಂದ ಅಟ್ಟಿಸಿಕೊಂಡು ಬರುತ್ತದೆ, ಎಂಟು ಚೌಕದೊಳಗೆ ಬಂತೋ, ತನ್ನ ಮೂಲೆಯ ಕಡೆ ಹೊರಟುಬಿಡುತ್ತದೆ.

ಮಜಾ ಇರುವುದು ಪಿಂಕಿಯ ಹತ್ತಿರ. ಅದು ಎದುರಿಗೆ ಬಂದಾಗ ಹೆದರದೆ ಅದರ ಕಡೆಗೇ ನುಗ್ಗಿ ನೋಡಿ. ನಿಮ್ಮಿಂದ ನಾಲ್ಕು ಚೌಕ ಮುಂದೆ ಅಂದರೆ ಈಗ ಪಿಂಕಿಯ ಬೆನ್ನ ಹಿಂದೆ! ನಿಮ್ಮಿಬ್ಬರ ನಡುವೆ ಒಂದು ತಿರುವಿದ್ದರೆ ಅದು ಪಕ್ಕಕ್ಕೆ ತಿರುಗಿ ಹೋಗಿಬಿಡುತ್ತದೆ. ಮೊದಲ ಸಲ ಇದು ಗೆದ್ದಾಗ ದೆವ್ವಕ್ಕೇ ನಾನು ದೆವ್ವವಾದಂತೆ ಅನಿಸಿತ್ತು. ಸವಾಲು ಅನ್ನೋದು ಹೀಗೆ ಹುಟ್ಟುತ್ತದೆ. ಶತ್ರುವಿಗೆ ಒಂದು ಸ್ವಭಾವ ಇರಬೇಕು, ಅದು ನಾಲ್ಕಾರು ಸಲ ಸೋತ ಮೇಲಾದರೂ ನಮ್ಮ ಹಿಡಿತಕ್ಕೆ ಸಿಗಬೇಕು. ಜೊತೆಗೆ ಬಿಡುವೂ ಬೇಕು. ಮೊದಲ ಹಂತದಲ್ಲಿ ದೆವ್ವಗಳು 7 ಸೆಕೆಂಡ್ ತಂತಮ್ಮ ಮೂಲೆ ಸುತ್ತಿ, ಆಮೇಲೆ 20 ಸೆಕೆಂಡ್ ಬೆನ್ನಟ್ಟಿ, ಮತ್ತೆ ಮೂಲೆಗೆ ಹೋಗುತ್ತವೆ. ಬಿಡದೆ ಅಟ್ಟಿಸಿಕೊಂಡು ಬಂದಿದ್ದರೆ ಆ ಆಟವನ್ನು ಯಾರು ಆಡುತ್ತಿದ್ದರು?

ಕೆಲವು ಸಲ ಯಂತ್ರದ ಬಡತನವೇ ಭಯ ಹುಟ್ಟಿಸುತ್ತದೆ. 1978ರ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ನಾವು ಹೊಡೆದುರುಳಿಸಬೇಕಾದ 55 ಅನ್ಯಗ್ರಹ ಜೀವಿಗಳು. ಅಷ್ಟನ್ನೂ ಒಟ್ಟಿಗೆ ಸರಿಸುವಷ್ಟು ಕಸುವು ಆ ಯಂತ್ರಕ್ಕಿರಲಿಲ್ಲ. ಹೊಡೆದುರುಳಿಸಿದಷ್ಟೂ ಅದರ ಹೊರೆ ಕಡಿಮೆಯಾಗಿ ಉಳಿದವು ಜೋರಾಗಿ ಓಡುತ್ತಿದ್ದವು. ಅದನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ ಇದನ್ನು ಸರಿಮಾಡಲು ಹೋಗದೆ ಹಾಗೇ ಉಳಿಸಿಕೊಂಡರು. ಜಾಣ.

2014ರ ಏಲಿಯನ್: ಐಸೊಲೇಷನ್ ಆಟದ ರಾಕ್ಷಸನ ವಿಷಯ ಬೇರೆ. ಇಡೀ ಆಟದಲ್ಲಿ ಹೆದರಿಸುವುದು ಮುಖ್ಯವಾಗಿ ಅದೊಂದೇ, ಅದನ್ನು ಕೊಲ್ಲುವುದಕ್ಕೂ ಆಗುವುದಿಲ್ಲ. ಅದರ ಹಿಂದೆ ಕೆಲಸ ಮಾಡುವುದು ಎರಡು ಮಿದುಳು, ಅಂದರೆ ಎರಡು ಪ್ರೋಗ್ರಾಂ. ಮೇಲಿನದಕ್ಕೆ ನೀವೆಲ್ಲಿದ್ದೀರಿ ಅಂತ ಸದಾ ಗೊತ್ತು. ಕೆಳಗಿನದು, ಅಂದರೆ ರಾಕ್ಷಸನ ಸ್ವಂತದ್ದು, ಕಣ್ಣು ಕಿವಿ ನಂಬಿಕೊಂಡು ಹುಡುಕುತ್ತದೆ. ಮೇಲಿನದು 'ಆ ಕಡೆ ಹೋಗಿ ನೋಡು' ಅಂತ ಆಗಾಗ ಸುಳಿವು ಕೊಡುತ್ತದೆಯೇ ಹೊರತು ಬೆರಳು ಮಾಡಿ ತೋರಿಸುವುದಿಲ್ಲ. ನೀವು ಜಾಸ್ತಿ ಹೊತ್ತು ಗಾಬರಿಯಲ್ಲಿ ಕಳೆದಿರಿ ಅನ್ನಿಸಿದರೆ ರಾಕ್ಷಸನನ್ನು ಗಾಳಿ ಕೊಳವೆಯೊಳಗೆ ವಾಪಸ್ ಕಳಿಸುತ್ತದೆ. ಚಿಕ್ಕ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುವಾಗ ಪರದೆ ಕೆಳಗೆ ಕಾಲು ಕಂಡರೂ 'ಎಲ್ಲಪ್ಪಾ ಇವನು?' ಅಂತ ಮಂಚದಡಿ ಹುಡುಕುತ್ತೇವಲ್ವಾ, ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಆ ಆಟದಲ್ಲಿ ಬೀರುವಿನೊಳಗೆ ಅವಿತು ಕೂತಾಗ ನನ್ನ ಅಂಗೈ ಬೆವರುತ್ತದೆ. ಮೇಲೆ ತಗಡಿನ ಸದ್ದು, ಆಮೇಲೆ ಧೊಪ್ ಅಂತ ಇಳಿದ ಸದ್ದು, ಬಾಗಿಲ ಸಂದಿನಲ್ಲಿ ಅದರ ಬಾಲ. ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಆಟದ ಯಂತ್ರದಲ್ಲಿ, ಆಡುವವರಿಗೆ ಇನ್ನೊಂದು ಸೌಲಭ್ಯವೂ ಇದೆ. ಮೈಕ್ ಆನ್ ಮಾಡಿದರೆ ನಿಮ್ಮ ಕೋಣೆಯ ಸದ್ದು ಕೂಡ ಅದಕ್ಕೆ ಕೇಳಿಸುತ್ತದೆ. ನಾನದನ್ನು ಒಂದೇ ಒಂದು ರಾತ್ರಿ ಹಾಕಿಕೊಂಡಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.