ಬೆಂಕಿ ಆರಿಸುವವರೂ ಅವರೇ, ಮನೆ ಕಳೆದುಕೊಳ್ಳುವವರೂ ಅವರೇ

ಆಸ್ಟ್ರೇಲಿಯಾದ 2019–20ರ ಕಾಡ್ಗಿಚ್ಚು ಎಂದರೆ ನಮಗೆ ನೆನಪಾಗುವುದು ಮೈಸುಟ್ಟ ಕೋಆಲಾಗಳು, ಹೊಗೆ ಕವಿದ ಸಿಡ್ನಿ. ಆ ಬೇಸಿಗೆಯ ನಿಜವಾದ ಭಾರ ಹೊತ್ತ ಹಳ್ಳಿಗಳ ಕಥೆ ನಮ್ಮವರೆಗೆ ಅಷ್ಟಾಗಿ ಬರಲಿಲ್ಲ. ಅದು ಆ ವರ್ಷ ಶುರುವಾದ ಕಥೆಯೂ ಅಲ್ಲ.

ನಮ್ಮ ನೀಲಗಿರಿ ಮರದ ತವರು ಆ ನೆಲ. ಎಲೆಯ ತುಂಬ ಎಣ್ಣೆ, ಬುಡದಲ್ಲಿ ಸುಲಿದು ಬಿದ್ದ ತೊಗಟೆ. ಗಾಳಿ ಎದ್ದರೆ ಉರಿಯುವ ತೊಗಟೆಯ ಚೂರುಗಳು ಕಿಲೋಮೀಟರುಗಟ್ಟಲೆ ಹಾರಿ ಇನ್ನೊಂದೆಡೆ ಕಿಚ್ಚು ಹೊತ್ತಿಸುತ್ತವೆ. ಮೂಲನಿವಾಸಿಗಳು ಸಾವಿರಾರು ವರ್ಷ ಹದವರಿತು ಸಣ್ಣ ಬೆಂಕಿ ಹಾಕಿ ತರಗು ಕಳೆಯುತ್ತಿದ್ದರು. ಯುರೋಪಿನಿಂದ ಬಂದವರು ಅವರನ್ನು ಒಕ್ಕಲೆಬ್ಬಿಸಿದ ಮೇಲೆ ಆ ಪದ್ಧತಿ ಬಹುಪಾಲು ನಿಂತುಹೋಯಿತು. 1851ರ ಫೆಬ್ರವರಿ 6ರ ಬೆಂಕಿಗೆ ಆಗ್ನೇಯ ಆಸ್ಟ್ರೇಲಿಯಾದ ವಿಕ್ಟೋರಿಯಾದ ಸುಮಾರು ಕಾಲುಭಾಗ ತುತ್ತಾಯಿತು.

ಅಲ್ಲೇ 1939ರ ಜನವರಿಯ ಬೆಂಕಿಯಲ್ಲಿ 71 ಮಂದಿ ಸತ್ತರು. ಅವರಲ್ಲಿ ಹಲವರು ಕಾಡೊಳಗಿನ ಮರಗರಗಸದ ಮಿಲ್ಲುಗಳ ಕಾರ್ಮಿಕರು ಮತ್ತು ಅವರ ಮನೆಯವರು. ವಿಚಾರಣೆ ನಡೆಸಿದ ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್, ಆ ಬೆಂಕಿ ಮನುಷ್ಯನ ಕೈಯಿಂದಲೇ ಹೊತ್ತಿದ್ದು ಎಂದು ನೇರವಾಗಿ ಬರೆದರು. 1944ರ ಹೊತ್ತಿಗೆ ಮತ್ತೊಂದು ಸುತ್ತು ಬೆಂಕಿ ಬಿದ್ದಿತು. ಹಳ್ಳಿಗಳ ಸ್ವಯಂಸೇವಕ ಅಗ್ನಿದಳಗಳನ್ನು ವಿಕ್ಟೋರಿಯಾ ಒಂದೇ ಸಂಸ್ಥೆಯಡಿ ತಂದದ್ದು ಆ ಬಳಿಕ. ಹೀಗೆ ಊರಿನ ರೈತ, ಮೇಷ್ಟ್ರು, ಅಂಗಡಿಯವರೇ ಊರಿನ ಕಾವಲಿಗೆ ನಿಂತರು, ಇಂದಿಗೂ ಹಾಗೆಯೇ. ‘ಬೇಗ ಹೊರಡಿ, ಇಲ್ಲವೇ ತಯಾರಾಗಿ ನಿಂತು ಮನೆ ಉಳಿಸಿಕೊಳ್ಳಿ’ ಎಂಬ ನೀತಿ ಬಹುಕಾಲ ನಡೆದುಬಂತು. 2009ರ ಫೆಬ್ರವರಿ 7ರ ಬೆಂಕಿಗೆ ವಿಕ್ಟೋರಿಯಾದಲ್ಲಿ 173 ಮಂದಿ ಬಲಿಯಾದರು, ಹೆಚ್ಚಿನವರು ಮನೆಗಳೊಳಗೇ. ಅತಿ ಕೆಟ್ಟ ದಿನಗಳಲ್ಲಿ ಮೊದಲೇ ಊರು ಬಿಡುವುದೇ ಕ್ಷೇಮ ಎಂದು ಸರ್ಕಾರ ಒತ್ತಿ ಹೇಳತೊಡಗಿದ್ದು ಆಮೇಲೆ.

2019 ಆ ದೇಶದ ದಾಖಲೆಯಲ್ಲೇ ಅತಿ ಬಿಸಿಯ, ಅತಿ ಒಣ ವರ್ಷ. ನ್ಯೂ ಸೌತ್ ವೇಲ್ಸ್‌ನ ರೈತರು ಅಷ್ಟರಲ್ಲೇ ಸತತ ಮೂರನೇ ವರ್ಷದ ಬರ ಕಾಣುತ್ತಿದ್ದರು. ಮೇವು ಕೊಂಡು ಕೊಂಡು ಕೈ ಬರಿದಾಗಿತ್ತು. ಅಲ್ಲಿ ಬೇಸಿಗೆ ಶುರುವಾಗುವುದು ಡಿಸೆಂಬರಿನಲ್ಲಿ, ಆದರೆ ಸೆಪ್ಟೆಂಬರಿನಿಂದಲೇ ಬೆಂಕಿ ಜೋರಾಯಿತು. ಡಿಸೆಂಬರ್ 31ರಂದು ನ್ಯೂ ಸೌತ್ ವೇಲ್ಸ್‌ನ ಕೊಬಾರ್ಗೊ ಹಳ್ಳಿಯ ಮುಖ್ಯಬೀದಿ ಸುಟ್ಟಿತು. ಅದೇ ದಿನ ವಿಕ್ಟೋರಿಯಾದ ಕರಾವಳಿಯ ಊರು ಮಲ್ಲಕೂಟದಲ್ಲಿ ಸಾವಿರಾರು ಜನ ನೀರಿನಂಚಿಗೆ ಓಡಿದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ನೌಕಾಪಡೆಯ ಹಡಗು ಹೊತ್ತೊಯ್ಯಬೇಕಾಯಿತು. ಕರೆಂಟು ಹೋದೊಡನೆ ಫೋನೂ ಹೋಯಿತು, ಕಾರ್ಡು ನಡೆಯಲಿಲ್ಲ, ಪೆಟ್ರೋಲಿಗೆ ಸಾಲು. ಹಾಲು ಕರೆಯುವ ಯಂತ್ರಗಳು ನಿಂತವು, ಟ್ಯಾಂಕರು ಬರಲು ರಸ್ತೆಯಿಲ್ಲದೆ ಹಾಲು ಚೆಲ್ಲಬೇಕಾಯಿತು. ಕಾಂಗರೂ ದ್ವೀಪದ ಹತ್ತಿರಹತ್ತಿರ ಅರ್ಧ ಸುಟ್ಟು, ಹತ್ತಾರು ಸಾವಿರ ಕುರಿಗಳು ಸತ್ತವು. ಬದುಕುಳಿದ ದನಕ್ಕೂ ಬೇಲಿ ಉಳಿದಿರಲಿಲ್ಲ. ಬೇಲಿ ಇಲ್ಲದೆ ಅಲ್ಲಿ ದನ ಸಾಕುವುದೇ ಆಗದು, ಹೀಗಾಗಿ ಬೇಲಿ ಕಟ್ಟಿಕೊಡುವುದೇ ಬ್ಲೇಜ್‌ಏಯ್ಡ್ ಎಂಬ ನೆರವು ಸಂಸ್ಥೆಯ ಸ್ವಯಂಸೇವಕರ ಮುಖ್ಯ ಕೆಲಸವಾಯಿತು.

ನೇರವಾಗಿ ಬೆಂಕಿಯ ಕಾರಣಕ್ಕೆ ಸತ್ತವರು 33 ಮಂದಿ, ಅವರಲ್ಲಿ 9 ಜನ ಬೆಂಕಿ ಆರಿಸಲು ಹೋದವರು. 3,000ಕ್ಕೂ ಹೆಚ್ಚು ಮನೆಗಳು ಹೋದವು. ನನಗೆ ಬಹಳ ಕಾಡುವುದು ಸ್ವಯಂಸೇವಕರ ಪಾಡು. ವಾರಗಟ್ಟಲೆ, ತಿಂಗಳುಗಟ್ಟಲೆ ಸಂಬಳವಿಲ್ಲದೆ ಪರರ ಮನೆ ಕಾಯುವಾಗ ಅವರ ಹೊಲ, ಅಂಗಡಿ ಯಾರು ನೋಡಬೇಕು? ನ್ಯೂ ಸೌತ್ ವೇಲ್ಸ್‌ನ ಸ್ವಯಂಸೇವಕರಿಗೆ ದಿನಕ್ಕೆ 300 ಡಾಲರ್‌ವರೆಗೆ, ಒಟ್ಟು 6,000 ಮೀರದಂತೆ, ಪರಿಹಾರ ಘೋಷಣೆಯಾದದ್ದು ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು.

ಫೆಬ್ರವರಿಯ ಮಳೆ ಬೆಂಕಿ ತಣಿಸಿತು. ಕರಾವಳಿಯ ಊರುಗಳು ಬೇಸಿಗೆಯ ಪ್ರವಾಸಿಗರನ್ನೇ ನಂಬಿದ್ದವು, ಅವರು ಮರಳುವ ಮೊದಲೇ ಮಾರ್ಚಿನಲ್ಲಿ ಕೋವಿಡ್ ಬಂತು. ರಾಷ್ಟ್ರೀಯ ವಿಚಾರಣಾ ಆಯೋಗ ಅಕ್ಟೋಬರಿನಲ್ಲಿ 80 ಶಿಫಾರಸುಗಳನ್ನು ಕೊಟ್ಟಿತು. ಬೆಂಕಿ ಆರಿಸಲು ಹೋದ ಸ್ವಯಂಸೇವಕರು ಅದೇ ಕಾರಣಕ್ಕೆ ಕೆಲಸ ಕಳೆದುಕೊಳ್ಳದಂತೆ ಕಾಯಲು ಈಗಿನ ಕಾನೂನು ಸಾಕೇ ಎಂದು ಒಕ್ಕೂಟ ಸರ್ಕಾರ ಪರಿಶೀಲಿಸಬೇಕು ಎಂಬುದೂ ಅದರಲ್ಲಿ ಒಂದು. ಸ್ಟ್ರೆಟನ್ ವರದಿಯಾಗಿ 81 ವರ್ಷಗಳ ಬಳಿಕವೂ ಆ ಮಾತು ‘ಪರಿಶೀಲಿಸಿ’ ಎಂಬಲ್ಲೇ ನಿಂತಿತ್ತು.